ಲ್ಯಾಬ್ ಇಲ್ಲದಿದ್ದರೂ ಪ್ರಯೋಗ ಮಾಡಿಸಬಹುದು: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ

ಬಿಸಿಯೂಟದ ಸಾರು ಬಿಳಿ ಅಂಗಿಯ ಮೇಲೆ ಬೀಳುತ್ತದೆ. ಹಳದಿ ಕಲೆ. ನಲ್ಲಿಗೆ ಓಡಿ ಸೋಪು ಹಚ್ಚಿದರೆ ಕಲೆ ಹೋಗುವುದಿರಲಿ, ಕೆಂಪಗಾಗುತ್ತದೆ. ಚೆನ್ನಾಗಿ ನೀರು ಹಾಕಿ ಜಾಲಿಸಿದರೆ ಮತ್ತೆ ಹಳದಿ. ಇದನ್ನು ನೋಡದ ಮಕ್ಕಳು ನಮ್ಮ ಶಾಲೆಗಳಲ್ಲಿ ಸಿಗುವುದು ಕಷ್ಟ. ಆದರೂ ಹತ್ತನೇ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಬಂದಾಗ ಅದೇ ಮಕ್ಕಳು "ಸೂಚಕ ಎಂದರೇನು" ಎಂಬ ಪ್ರಶ್ನೆಗೆ ಉತ್ತರ ಉರು ಹೊಡೆಯುತ್ತಾರೆ. ಸೋಪು ಪ್ರತ್ಯಾಮ್ಲ, ಬಣ್ಣ ಬದಲಿಸಿ ಅದನ್ನು ತೋರಿಸಿಕೊಡುವ ಸಾರಿನ ಅರಿಶಿನವೇ ಸೂಚಕ. ಅಂಗಿಯ ಕಲೆಗೂ ಆ ಪಾಠಕ್ಕೂ ಇರುವ ಈ ನಂಟನ್ನು ಯಾರೂ ಅವರ ಕೈಯಿಂದಲೇ ಮಾಡಿಸಿರುವುದಿಲ್ಲ.

ನಾನು ಎಂಟರಿಂದ ಹತ್ತನೇ ತರಗತಿಯವರೆಗೆ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಲ್ಯಾಬ್ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಒಂದು ಬೀರು ಇದೆ, ಒಂದು ಟ್ರಂಕು ಇದೆ. ಇಲ್ಲಿ ಬರೆದಿರುವುದೆಲ್ಲ ಆ ಟ್ರಂಕಿನ ಸಾಮಾನಿನಿಂದ, ನಲವತ್ತು ನಿಮಿಷದ ಪೀರಿಯಡ್‌ನಲ್ಲಿ, ನಲವತ್ತಕ್ಕೂ ಜಾಸ್ತಿ ಮಕ್ಕಳಿರುವ ತರಗತಿಯಲ್ಲಿ ಮಾಡಿಸಿದ್ದು.

ಮೊದಲು ಊಹೆ, ಆಮೇಲೆ ಪ್ರಯೋಗ

ಸಾಮಾನು ಹಂಚುವ ಮೊದಲು ಒಂದು ಪ್ರಶ್ನೆ ಕೇಳಿ. ಏನಾಗಬಹುದು ಅಂತ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬಾಯಲ್ಲಿ ಹೇಳಿಸಬೇಡಿ, ಬರೆಸಿ. ಬಾಯಲ್ಲಿ ಹೇಳಿಸಿದರೆ ತರಗತಿಯ ಜಾಣ ಮಗು ಹೇಳಿದ್ದನ್ನೇ ಉಳಿದವರು ಹೇಳುತ್ತಾರೆ. ಬರೆದ ಮೇಲೆ ಅದು ಅವರದೇ ಮಾತು. ಸರಿಯೋ ತಪ್ಪೋ ತಿಳಿದುಕೊಳ್ಳದೆ ಇರಲು ಆಗುವುದಿಲ್ಲ.

ಇದನ್ನು ಅಭ್ಯಾಸ ಮಾಡಿಸಲು ಲೋಲಕಕ್ಕಿಂತ ಸುಲಭದ್ದು ಇಲ್ಲ. ಒಂದು ದಾರ, ಒಂದು ಸಣ್ಣ ನಟ್ಟು, ಒಂದು ದೊಡ್ಡ ನಟ್ಟು ಸಾಕು. "ಸಣ್ಣದು ಕಟ್ಟಿದರೆ ಬೇಗ ತೂಗುತ್ತದೋ, ದೊಡ್ಡದು ಕಟ್ಟಿದರೋ?" ಅಂತ ಕೇಳಿ. ಬಹಳಷ್ಟು ಮಕ್ಕಳು ದೊಡ್ಡದು ಅಂತಲೇ ಬರೆಯುತ್ತಾರೆ. ಆಮೇಲೆ ಬೆಂಚಿನ ಅಂಚಿಗೆ ದಾರ ಕಟ್ಟಿ ತೂಗಿಬಿಟ್ಟು 20 ಆಂದೋಲನಕ್ಕೆ ಎಷ್ಟು ಸೆಕೆಂಡು ಅಂತ ಅಳೆಯಲಿ. ಒಂದೇ ಆಂದೋಲನ ಅಳೆದರೆ ಗಡಿಯಾರ ಒತ್ತುವ ಕೈಯ ತಡವೇ ಲೆಕ್ಕ ಕೆಡಿಸುತ್ತದೆ. ಇಪ್ಪತ್ತು ಅಳೆದು ಭಾಗಿಸಿದರೆ ಆ ತಪ್ಪು ಕರಗಿಹೋಗುತ್ತದೆ. ದಾರದ ಉದ್ದವನ್ನು ಕಟ್ಟಿದ ಜಾಗದಿಂದ ನಟ್ಟಿನ ನಡುಮಧ್ಯದವರೆಗೆ ಅಳೆಯಬೇಕು. ನಟ್ಟು ಬದಲಾಯಿಸಿದಾಗ ಮತ್ತೆ ಅಳೆಯಬೇಕು, ಇಲ್ಲದಿದ್ದರೆ ಉದ್ದ ತಿಳಿಯದಂತೆ ಬದಲಾಗಿರುತ್ತದೆ. ತುಂಬ ಅಗಲವಾಗಿ ತೂಗಬಾರದು. ಇನ್ನೊಂದು ವಿಷಯ: ಬಿಟ್ಟ ತಕ್ಷಣ "ಒಂದು" ಅಂತ ಎಣಿಸುವ ಮಕ್ಕಳೇ ಜಾಸ್ತಿ. ಬಿಟ್ಟಾಗ "ಸೊನ್ನೆ", ಹೋಗಿ ತಿರುಗಿ ಬಂದಾಗ "ಒಂದು" ಅಂತ ಮೊದಲೇ ಹೇಳಿಕೊಡಿ.

ಒಂದು ಮೀಟರ್ ದಾರಕ್ಕೆ 20 ಆಂದೋಲನ ಸುಮಾರು 40 ಸೆಕೆಂಡು ಬರುತ್ತದೆ. ಸಣ್ಣ ನಟ್ಟಿಗೂ ಅಷ್ಟೇ, ದೊಡ್ಡದಕ್ಕೂ ಅಷ್ಟೇ. ಈಗ ದಾರವನ್ನು 25 ಸೆಂಟಿಮೀಟರ್‌ಗೆ ಇಳಿಸಿ, ಮತ್ತೆ ಊಹೆ ಬರೆಸಿ. ಉದ್ದ ಕಾಲು ಭಾಗ ಆಯಿತು, ಸಮಯವೂ ಕಾಲು ಭಾಗ, ಅಂದರೆ 10 ಸೆಕೆಂಡು ಅಂತ ಲೆಕ್ಕ ಹಾಕುತ್ತಾರೆ. ಬರುವುದು 20 ಸೆಕೆಂಡು. ಆಗ ತರಗತಿಯಲ್ಲಿ ಆಗುವ ಗಲಾಟೆಯನ್ನು ನಿಲ್ಲಿಸಬೇಡಿ. "ಸಾರ್, ನಾವು ತಪ್ಪು ಎಣಿಸಿದ್ವಿ" ಅಂತ ಮತ್ತೆ ಅಳೆಯಲು ಹೋಗುತ್ತಾರಲ್ಲ, ನಮಗೆ ಬೇಕಾಗಿರುವುದು ಅದೇ. ಉತ್ತರವನ್ನು ನೀವು ಹೇಳಿಬಿಟ್ಟರೆ ಆ ಎರಡನೇ ಸಲದ ಅಳತೆ ಆಗುವುದೇ ಇಲ್ಲ.

ತರಗತಿಯ ಏರ್ಪಾಡು

ಗುಂಪಿಗೆ ನಾಲ್ಕೇ ಮಕ್ಕಳು ಇರಲಿ. ಆರಾದರೆ ಇಬ್ಬರು ಸುಮ್ನೆ ಕೂತಿರುತ್ತಾರೆ. ಒಬ್ಬರು ಕೈಯಿಂದ ಮಾಡುವವರು, ಒಬ್ಬರು ಅಳೆಯುವವರು, ಒಬ್ಬರು ಬರೆಯುವವರು, ಒಬ್ಬರು ಸಾಮಾನು ತಂದು ವಾಪಸ್ ಇಡುವವರು. ಈ ಕೆಲಸ ಪ್ರತಿ ಸಲವೂ ಬದಲಾಗಲೇಬೇಕು. ನಾನು ವರ್ಷಗಳಿಂದ ನೋಡಿದ್ದೇನೆ: ಹಾಗೇ ಬಿಟ್ಟರೆ ಹುಡುಗರು ಸಾಮಾನಿಗೆ ಕೈ ಹಾಕುತ್ತಾರೆ, ಹೆಣ್ಣುಮಕ್ಕಳು ಅಂದವಾಗಿ ಬರೆಯುತ್ತಾ ಕೂರುತ್ತಾರೆ. ಬರವಣಿಗೆ ಚೆನ್ನಾಗಿದೆ ಅಂತ ನಾವು ಹೊಗಳುತ್ತೇವೆ. ಹೀಗೆ ಮೂರು ವರ್ಷ ಕಳೆದರೆ ಆ ಹುಡುಗಿ ಒಂದು ತಂತಿಯನ್ನೂ ಜೋಡಿಸದೆ ಎಸ್‌ಎಸ್‌ಎಲ್‌ಸಿ ಮುಗಿಸಿರುತ್ತಾಳೆ. ಯಾರ ಸರದಿ ಏನು ಅಂತ ಗೋಡೆಗೆ ಒಂದು ಪಟ್ಟಿ ಅಂಟಿಸಿ.

ಸಮಯದ ಲೆಕ್ಕ ಹೀಗೆ: ಪ್ರಶ್ನೆ ಮತ್ತು ಊಹೆಗೆ ಐದು ನಿಮಿಷ, ಮಾಡುವುದಕ್ಕೆ ಇಪ್ಪತ್ತು, ಮಾತುಕತೆಗೆ ಹತ್ತು, ಎತ್ತಿಡುವುದಕ್ಕೆ ಐದು. ಪ್ರಯೋಗ ಅರ್ಧದಲ್ಲಿದ್ದರೂ ಮಾತುಕತೆಯ ಹತ್ತು ನಿಮಿಷ ಬಿಡಬೇಡಿ.

ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಹತ್ತು ಸಲ ಮಾಡಿಸಿದ ಪ್ರಯೋಗವಾದರೂ ಸರಿ, ಈ ಸಲ ತಂದ ಸೆಲ್ಲು ಬೇರೆ, ಸುಣ್ಣ ಬೇರೆ.

ಅರಿಶಿನ, ಸುಣ್ಣ, ನಿಂಬೆ

ಆರತಿ ತಟ್ಟೆಯ ಕೆಂಪು ನೀರು ಎಲ್ಲರಿಗೂ ಗೊತ್ತು. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಓಕುಳಿ. ಈ ಪಾಠವನ್ನು ಅಲ್ಲಿಂದಲೇ ಶುರು ಮಾಡಿ.

ಹಿಂದಿನ ದಿನವೇ ಅರಿಶಿನ ಕಾಗದ ಮಾಡಿಕೊಳ್ಳಬೇಕು. ಒಂದು ಚಮಚ ಅರಿಶಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಬಿಳಿ ಹಾಳೆಗೆ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ, ಬೆರಳಗಲದ ಪಟ್ಟಿ ಕತ್ತರಿಸಿ. ನುಣುಪಾದ ಹಾಳೆ ಬೇಡ, ನೀರು ಹೀರುವಂಥದ್ದು ಬೇಕು. ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಕಡಲೆಬೀಜದಷ್ಟು ತೆಗೆದುಕೊಂಡು ಅರ್ಧ ಲೋಟ ನೀರಿನಲ್ಲಿ ಕಲಸಿ ಮುಚ್ಚಿಡಿ. ಬೆಳಗ್ಗೆ ಹೊತ್ತಿಗೆ ಸುಣ್ಣ ತಳದಲ್ಲಿ ಕೂತಿರುತ್ತದೆ, ಮೇಲಿನ ತಿಳಿನೀರನ್ನು ಅಲುಗಾಡಿಸದೆ ಬಗ್ಗಿಸಿಕೊಳ್ಳಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಕಲಸುವ ಕೆಲಸ ನಿಮ್ಮದೇ ಇರಲಿ, ಮಕ್ಕಳ ಕೈಗೆ ತಿಳಿನೀರು ಮಾತ್ರ ಕೊಡಿ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇರಲಿ.

ಪ್ರತಿ ಗುಂಪಿಗೂ ಐದು ಬಾಟಲಿ ಮುಚ್ಚಳಗಳಲ್ಲಿ ಐದು ದ್ರವ ಕೊಡಿ: ನಿಂಬೆರಸ, ಬರೀ ನೀರು, ಅಡುಗೆ ಸೋಡಾ ನೀರು, ಬಟ್ಟೆ ಸೋಡಾ ನೀರು, ಸುಣ್ಣದ ತಿಳಿನೀರು. ಹೆಸರು ಬರೆಯಬೇಡಿ, ಒಂದರಿಂದ ಐದು ಅಂತ ಸಂಖ್ಯೆ ಹಾಕಿ. ರುಚಿ ನೋಡುವಂತಿಲ್ಲ. ಇದನ್ನು ಎರಡು ಸಲ ಹೇಳಿ, ಬೋರ್ಡಿನ ಮೇಲೂ ಬರೆಯಿರಿ.

ಅರಿಶಿನ ಕಾಗದದ ಮೇಲೆ ಒಂದೊಂದು ಹನಿ ಬಿಟ್ಟಾಗ ಸುಣ್ಣ ಮತ್ತು ಬಟ್ಟೆ ಸೋಡಾ ಗಾಢ ಕೆಂಪು ಕೊಡುತ್ತವೆ. ಅಡುಗೆ ಸೋಡಾ ಸ್ವಲ್ಪ ಕಿತ್ತಳೆಯತ್ತ ಹೊರಳುತ್ತದೆ ಅಷ್ಟೆ, ಯಾಕೆಂದರೆ ಅದು ಬಹಳ ದುರ್ಬಲ ಪ್ರತ್ಯಾಮ್ಲ. ನಿಂಬೆರಸಕ್ಕೂ ನೀರಿಗೂ ಏನೂ ಆಗುವುದಿಲ್ಲ. ಇಲ್ಲಿ ನಿಲ್ಲಿಸಿ ಕೇಳಿ: "ಒಂದನೆಯದು ಆಮ್ಲವೋ, ಬರೀ ನೀರೋ? ಅರಿಶಿನವನ್ನು ನಂಬಿ ಹೇಳಬಹುದಾ?" ಹೇಳಲಾಗುವುದಿಲ್ಲ. ಅರಿಶಿನ ಪ್ರತ್ಯಾಮ್ಲವನ್ನು ಹಿಡಿದುಕೊಡುತ್ತದೆ, ಆಮ್ಲವನ್ನು ಹಿಡಿದುಕೊಡುವುದಿಲ್ಲ. ಬೇರೆ ಸೂಚಕ ಯಾಕೆ ಬೇಕು ಎಂಬುದು ಆಗ ತಾನಾಗಿಯೇ ಗೊತ್ತಾಗುತ್ತದೆ.

ಆ ಬೇರೆ ಸೂಚಕ ಶಾಲೆಯ ಬೇಲಿಯಲ್ಲೇ ಇರುತ್ತದೆ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ನಿಂಬೆರಸಕ್ಕೆ ಇದು ಗಾಢ ಗುಲಾಬಿ, ಸುಣ್ಣಕ್ಕೆ ಹಸಿರು. ಶಂಖಪುಷ್ಪ ಸಿಕ್ಕರೆ ಇನ್ನೂ ಚೆಂದ: ನೀರಿನಲ್ಲಿ ನೀಲಿ, ನಿಂಬೆಗೆ ನೇರಳೆ ಕೆಂಪು, ಸುಣ್ಣಕ್ಕೆ ಹಸಿರು. ಹೂವಿನ ನೀರು ಎರಡು ದಿನಕ್ಕೆ ಕೆಡುತ್ತದೆ, ಅಂದೇ ಮಾಡಿ.

ಕೊನೆಗೆ ಓಕುಳಿಗೆ ಬನ್ನಿ. ಒಂದು ಚಮಚ ಸುಣ್ಣದ ತಿಳಿನೀರಿಗೆ ಚಿಟಿಕೆ ಅರಿಶಿನ ಹಾಕಿ ಕೆಂಪು ಮಾಡಿ. ಫಿಲ್ಲರ್‌ನಿಂದ ನಿಂಬೆರಸವನ್ನು ಹನಿ ಹನಿಯಾಗಿ ಬಿಡಲಿ, ಎಣಿಸಲಿ. ಹನಿ ಬಿದ್ದ ಜಾಗದಲ್ಲಿ ಹಳದಿ ಕಾಣಿಸಿ, ಕಲಕಿದರೆ ಮತ್ತೆ ಕೆಂಪು. ಇನ್ನೊಂದು ಹನಿ. ಇನ್ನೊಂದು. ಯಾವುದೋ ಒಂದು ಹನಿಗೆ ಇಡೀ ಲೋಟ ಹಳದಿ ಆಗಿ ಹಾಗೇ ಉಳಿಯುತ್ತದೆ. ತಟಸ್ಥೀಕರಣ (ಆಮ್ಲ, ಪ್ರತ್ಯಾಮ್ಲ ಒಂದರ ಗುಣವನ್ನು ಇನ್ನೊಂದು ಕಳೆಯುವುದು) ಎಂಬ ಪದವನ್ನು ಬೋರ್ಡಿನ ಮೇಲೆ ಬರೆಯಬೇಕಾದ್ದು ಆ ಹನಿ ಬಿದ್ದ ಮೇಲೆ. ಮೊದಲೇ ಬರೆದರೆ ಅದು ಬರೀ ಪದ. ಪಕ್ಕದ ಗುಂಪಿಗೆ ಹನಿಗಳ ಸಂಖ್ಯೆ ಬೇರೆ ಬಂದಿರುತ್ತದೆ. ಯಾಕೆ ಅಂತ ಕೇಳಿ. ಹನಿಯ ಗಾತ್ರ, ಸುಣ್ಣದ ನೀರಿನ ಅಳತೆ, ಹಣ್ಣಿನ ಹುಳಿ... ಮಕ್ಕಳೇ ಒಂದೊಂದಾಗಿ ಹುಡುಕುತ್ತಾರೆ.

ಸೇಫ್ಟಿ ಪಿನ್ನಿನ ಮೋಟಾರು

ಎಲ್ಲಕ್ಕಿಂತ ಜಾಸ್ತಿ ಸಲ ಕೈಕೊಡುವುದು ಈ ಪ್ರಯೋಗ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತೇನೆ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಕಂಡರು. ಮರುವರ್ಷವೇ ಫ್ಯಾರಡೆ ವಿದ್ಯುತ್ತಿನಿಂದ ತಂತಿ ತಿರುಗುವಂತೆ ಮಾಡಿದರು. ಪುಸ್ತಕದಲ್ಲಿ ಇದೆಲ್ಲ ಚಿತ್ರವಾಗಿ ಬರುತ್ತದೆ, ಮಕ್ಕಳು ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಕಲಿಯುತ್ತಾರೆ. ಮೋಟಾರು ತಿರುಗುವುದನ್ನು ಮಾತ್ರ ನೋಡಿರುವುದಿಲ್ಲ.

ಬೇಕಾದದ್ದು: ಒಂದು ದಪ್ಪ ಟಾರ್ಚ್ ಸೆಲ್ಲು, ಎರಡು ದೊಡ್ಡ ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲ ರಬ್ಬರ್ ಪಟ್ಟಿ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಲೇಪ ಇರುವ ತಾಮ್ರದ ತಂತಿ, ಒಂದು ತುಂಡು ಸ್ಯಾಂಡ್ ಪೇಪರ್. ತಂತಿಗೆ ಪೇಟೆಗೆ ಹೋಗಬೇಕಿಲ್ಲ. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಹೋಬಳಿ ಊರುಗಳಲ್ಲೂ ಇದೆ, ಶಾಲೆಗೆ ಅಂದರೆ ತುಂಡು ತಂತಿ ಸುಮ್ನೆ ಕೊಡುತ್ತಾರೆ. ಕೆಟ್ಟ ಸ್ಪೀಕರಿನ ಅಯಸ್ಕಾಂತ ರೇಡಿಯೋ ರಿಪೇರಿಯವರ ಹತ್ತಿರ ಸಿಗುತ್ತದೆ.

1. ತಂತಿಯನ್ನು ಸೆಲ್ಲಿನ ಸುತ್ತ ಹತ್ತು ಸುತ್ತು ಸುತ್ತಿ ಹೊರತೆಗೆಯಿರಿ. ಎರಡೂ ತುದಿ ನಾಲ್ಕೈದು ಸೆಂಟಿಮೀಟರ್ ಉಳಿಯಬೇಕು. ತುದಿಗಳನ್ನು ಸುರುಳಿಗೆ ಎರಡು ಸುತ್ತು ಬಿಗಿದು, ಎದುರು ಬದುರಾಗಿ ಒಂದೇ ನೇರಕ್ಕೆ ಚಾಚಿ.

2. ಸುರುಳಿಯನ್ನು ಬೆಂಚಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿದು, ಕೆರೆಯುವ ತುದಿಯನ್ನು ಬೆಂಚಿನ ಮೇಲೆ ಇಟ್ಟುಕೊಳ್ಳಿ. ಒಂದು ತುದಿಯ ಲೇಪವನ್ನು ಸುತ್ತಲೂ ಪೂರ್ತಿ ಕೆರೆಯಿರಿ. ಇನ್ನೊಂದು ತುದಿಯಲ್ಲಿ ಮೇಲ್ಭಾಗ ಮಾತ್ರ ಕೆರೆಯಿರಿ, ಕೆಳಭಾಗದ ಲೇಪ ಹಾಗೇ ಇರಲಿ.

3. ಸೆಲ್ಲಿನ ಎರಡೂ ತುದಿಗೆ ಒಂದೊಂದು ಪಿನ್ನು ಇಟ್ಟು ರಬ್ಬರ್ ಪಟ್ಟಿ ಬಿಗಿಯಿರಿ. ಪಿನ್ನಿನ ಸಣ್ಣ ಸುರುಳಿ ಕಣ್ಣು ಮೇಲೆ ಬರಬೇಕು.

4. ಸೆಲ್ಲಿನ ಬೆನ್ನಿನ ಮೇಲೆ ಅಯಸ್ಕಾಂತ ಕೂರಿಸಿ, ಸುರುಳಿಯ ತುದಿಗಳನ್ನು ಪಿನ್ನಿನ ಕಣ್ಣುಗಳಿಗೆ ತೂರಿಸಿ. ಬೆರಳಿನಿಂದ ಮೆಲ್ಲಗೆ ಒಂದು ಸಲ ತಿರುಗಿಸಿ.

ನಾನು ಇದನ್ನು ಮೊದಲ ಸಲ ಮಾಡಿಸಿದ ದಿನ ಒಂದು ಗುಂಪಿನದೂ ತಿರುಗಲಿಲ್ಲ. ಎರಡೂ ತುದಿಯನ್ನು ಪೂರ್ತಿ ಕೆರೆಸಿಬಿಟ್ಟಿದ್ದೆ. ಸುರುಳಿ ಅರ್ಧ ತಿರುಗಿ, ಹಿಂದಕ್ಕೆ ಬಂದು, ತೊಟ್ಟಿಲಿನ ಹಾಗೆ ತೂಗಿ ನಿಂತುಬಿಡುತ್ತಿತ್ತು. ವಿದ್ಯುತ್ ಬಿಡುವಿಲ್ಲದೆ ಹರಿದರೆ ಅಯಸ್ಕಾಂತ ಸುರುಳಿಯನ್ನು ಒಂದು ಕಡೆಗೆ ಎಳೆದು ಅಲ್ಲೇ ಹಿಡಿದುಕೊಳ್ಳುತ್ತದೆ. ಅರ್ಧ ಸುತ್ತಿಗೆ ಲೇಪ ಅಡ್ಡ ಬಂದು ವಿದ್ಯುತ್ ನಿಂತರೆ, ಬಂದ ವೇಗದಲ್ಲೇ ಸುರುಳಿ ಉಳಿದ ಅರ್ಧ ದಾಟುತ್ತದೆ. ಮತ್ತೆ ತಳ್ಳು, ಮತ್ತೆ ಬಿಡು. ಪುಸ್ತಕದ ಮೋಟಾರಿನಲ್ಲಿ ಕಮ್ಯುಟೇಟರ್ ಪ್ರತಿ ಅರ್ಧ ಸುತ್ತಿಗೂ ವಿದ್ಯುತ್ತಿನ ದಿಕ್ಕನ್ನೇ ಬದಲಿಸುತ್ತದೆ. ನಮ್ಮದರಲ್ಲಿ ಬರೀ ಕಡಿತ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿ, ಮುಚ್ಚಿಡಬೇಡಿ.

ಈಗ ನಾನು ಬೇಕೆಂದೇ ಎರಡು ಗುಂಪಿಗೆ ಪೂರ್ತಿ ಕೆರೆದ ಸುರುಳಿ ಕೊಡುತ್ತೇನೆ. ಉಳಿದವರದು ತಿರುಗುತ್ತದೆ, ಇವರದು ತೂಗುತ್ತದೆ. ಯಾಕೆ ಅಂತ ಇಡೀ ತರಗತಿ ಸೇರಿ ಹುಡುಕಬೇಕು. ಒಬ್ಬ ಹುಡುಗಿ ಎರಡೂ ಸುರುಳಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತುದಿಯನ್ನು ಬೆರಳಲ್ಲಿ ಉರುಳಿಸಿ ನೋಡಿ, "ಮಿಸ್, ಇದು ಒಂದೇ ಕಡೆ ಹೊಳೀತಿದೆ" ಅಂದಳು. ಆ ದಿನ ಕಮ್ಯುಟೇಟರ್ ಬಗ್ಗೆ ನಾನು ಎರಡೇ ವಾಕ್ಯ ಹೇಳಿದ್ದು. ಅಷ್ಟೇ ಸಾಕಾಯಿತು.

ಆದರೂ ತಿರುಗದಿದ್ದರೆ ಈ ಕ್ರಮದಲ್ಲಿ ನೋಡಿ: ಲೇಪ ನಿಜವಾಗಿ ಹೋಗಿದೆಯೇ (ತಾಮ್ರ ಹೊಳೆಯಬೇಕು), ತುದಿಗಳು ಒಂದೇ ನೇರಕ್ಕಿವೆಯೇ, ಅಯಸ್ಕಾಂತ ತೀರ ದೂರ ಇದೆಯೇ, ಸೆಲ್ಲು ಹಳೆಯದೇ. ಸುರುಳಿ ನಿಂತಲ್ಲೇ ನಿಂತರೆ ತಂತಿ ಬಿಸಿಯಾಗುತ್ತದೆ, ತಕ್ಷಣ ತೆಗೆಸಿ. ಗೋಡೆಯ ಪ್ಲಗ್ಗಿಗೆ ಯಾವ ತಂತಿಯೂ ಹೋಗಬಾರದು. ನಮ್ಮ ತರಗತಿಯಲ್ಲಿ ಅದೊಂದು ತಪ್ಪಿಗೆ ಮಾತ್ರ ಎರಡನೇ ಅವಕಾಶ ಇಲ್ಲ, ಸಾಮಾನು ಅಂದಿಗೆ ವಾಪಸ್.

ಗೋಡೆಯ ಮೇಲೆ ಸೂರ್ಯ

ಒಂದು ಸಣ್ಣ ಮುಖ ನೋಡುವ ಕನ್ನಡಿ ತೆಗೆದುಕೊಳ್ಳಿ. ರಟ್ಟಿನಲ್ಲಿ ಐದು ಮಿಲಿಮೀಟರ್ ಅಗಲದ ತೂತು ಮಾಡಿ, ಕನ್ನಡಿಯ ಮೇಲೆ ಮುಚ್ಚಿ ಅಂಟಿಸಿ. ಬಿಸಿಲಿನಲ್ಲಿ ಇಟ್ಟಿಗೆಗೆ ಒರಗಿಸಿ, ಬೆಳಕು ಬಾಗಿಲಿನಿಂದ ಹಾದು ಕತ್ತಲ ಕೋಣೆಯ ದೂರದ ಗೋಡೆಗೆ ಬೀಳುವಂತೆ ಮಾಡಿ. ಹತ್ತು ಮೀಟರ್ ದೂರ ಸಿಕ್ಕರೆ ಒಳ್ಳೆಯದು. ಕನ್ನಡಿಯ ಕಡೆ, ಸೂರ್ಯನ ಕಡೆ ಯಾರೂ ನೋಡಬಾರದು. ಎಲ್ಲರ ಬೆನ್ನು ಬಾಗಿಲಿಗೆ, ಕಣ್ಣು ಗೋಡೆಗೆ.

ಗೋಡೆಯ ಮೇಲೆ ದುಂಡನೆಯ ಬೆಳಕು ಕಾಣುತ್ತದೆ. ತೂತು ದುಂಡಗಿದೆ, ಅದಕ್ಕೇ ಅಂತಾರೆ ಮಕ್ಕಳು. ಆಗ ತ್ರಿಕೋನ ತೂತಿನ ರಟ್ಟು ಹಾಕಿ. ಬೆಳಕು ಆಗಲೂ ದುಂಡಗೇ ಇರುತ್ತದೆ. ಗೋಡೆಯ ಮೇಲಿರುವುದು ತೂತಿನ ಆಕಾರ ಅಲ್ಲ, ಸೂರ್ಯನ ಬಿಂಬ.

ಈಗ ಅಳೆಯಲಿ. ಹತ್ತು ಮೀಟರಿಗೆ ಬೆಳಕಿನ ಅಗಲ ಸುಮಾರು 10 ಸೆಂಟಿಮೀಟರ್ ಬಂತು ಅನ್ನಿ. ತೂತಿನ ಅರ್ಧ ಸೆಂಟಿಮೀಟರ್ ಕಳೆದರೆ 9.5. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಸಮರೂಪ ತ್ರಿಭುಜದ ಲೆಕ್ಕ ಹಾಕಿದರೆ ಸೂರ್ಯನ ವ್ಯಾಸ 14.25 ಲಕ್ಷ ಕಿಲೋಮೀಟರ್ ಬರುತ್ತದೆ. ನಿಜವಾದ ವ್ಯಾಸ ಸುಮಾರು 13.9 ಲಕ್ಷ. ಒಂದು ಕನ್ನಡಿ ಮತ್ತು ಸ್ಕೇಲಿನಿಂದ ಇಷ್ಟು ಹತ್ತಿರ! ಗಣಿತದ ಶಿಕ್ಷಕರನ್ನೂ ಆ ಪೀರಿಯಡ್‌ಗೆ ಕರೆಯಿರಿ.

ಅಳೆಯುವ ಮೊದಲು ಬೆಳಕಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಸಿ. ಒಂದು ನಿಮಿಷ ಸುಮ್ಮನೆ ನಿಂತು ನೋಡಿದರೆ ಬೆಳಕು ಗೆರೆಯನ್ನು ಬಿಟ್ಟು ನಾಲ್ಕು ಸೆಂಟಿಮೀಟರಿನಷ್ಟು ಜರುಗಿರುತ್ತದೆ. ಕನ್ನಡಿ ಅಲುಗಿತು ಅಂತ ಓಡುತ್ತಾರೆ. ಅಲುಗಿರುವುದು ಭೂಮಿ. ಅದು ತಿರುಗುತ್ತದೆ ಅಂತ ಎಂಟು ವರ್ಷದಿಂದ ಓದಿದ ಮಕ್ಕಳು ಮೊದಲ ಸಲ ಅದನ್ನು ಕಣ್ಣಾರೆ ನೋಡಿ ಸುಮ್ಮನಾಗುವ ಆ ಗಳಿಗೆ ನನಗೆ ಬಹಳ ಇಷ್ಟ.

ಪರೀಕ್ಷೆ, ಪಠ್ಯ, ಸಮಯ

"ಇದನ್ನೆಲ್ಲ ಮಾಡಿಸುತ್ತಾ ಕೂತರೆ ಪೋರ್ಷನ್ ಮುಗಿಯಲ್ಲ" ಅನ್ನುವವರಿಗೆ ನನ್ನ ಉತ್ತರ: ಪ್ರತಿ ಪಾಠಕ್ಕೆ ಒಂದೇ ಪ್ರಯೋಗ ಆರಿಸಿ. ಉಳಿದದ್ದು ಎಂದಿನಂತೆ ನಡೆಯಲಿ. ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕ ಲಿಖಿತ, 20 ಆಂತರಿಕ. ಆಂತರಿಕ ಮೌಲ್ಯಮಾಪನದ ಚಟುವಟಿಕೆಗೆ ಚಾರ್ಟ್ ಬರೆಸುವ ಬದಲು ಈ ನೋಟ್‌ಬುಕ್ಕನ್ನೇ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕೇ ಭಾಗ: ನಾನು ಅಂದುಕೊಂಡಿದ್ದು, ಮಾಡಿದ್ದು, ಕಂಡಿದ್ದು, ಈಗ ಅನ್ನಿಸುವುದು. ತಪ್ಪು ಊಹೆಗೆ ಅಂಕ ಕಳೆಯಬೇಡಿ. ಕಳೆದ ದಿನದಿಂದ ಮಕ್ಕಳು ಪ್ರಯೋಗ ಮುಗಿದ ಮೇಲೆ ಊಹೆ ಬರೆಯಲು ಶುರು ಮಾಡುತ್ತಾರೆ.

ಸರ್ಕಾರಿ ಶಾಲೆಗಳಲ್ಲಿ ಇದು ಆಗುವುದಿಲ್ಲ ಅಂತ ಹೇಳಲಾಗದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮ 2002ರವರೆಗೆ ನಡೆಯಿತು. ಅಲ್ಲಿ ಮಕ್ಕಳು ಗುಂಪಿನಲ್ಲಿ ಪ್ರಯೋಗ ಮಾಡಿ ಕಲಿಯುತ್ತಿದ್ದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗದ ಪರೀಕ್ಷೆಯೂ ಇತ್ತು. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ಆಕೃತಿಗಳನ್ನು ಕಟ್ಟುವುದನ್ನು ರೂಪಿಸಿದ್ದು ಆ ಕೆಲಸದ ನಡುವೆಯೇ.

ಇನ್ನು ವರ್ಷದ ಲೆಕ್ಕ. ಜೂನ್, ಜುಲೈ ಮಳೆಗಾಲಕ್ಕೆ ಅರಿಶಿನ, ಲೋಲಕ, ಮೋಟಾರು ಇಟ್ಟುಕೊಳ್ಳಿ. ಕನ್ನಡಿಯ ಸೂರ್ಯ ಡಿಸೆಂಬರ್, ಜನವರಿಯ ತಿಳಿ ಬಿಸಿಲಿಗೆ ಇರಲಿ. ನಡುವೆ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿ: ನೆರಳಿಲ್ಲದ ದಿನ. ಬೆಂಗಳೂರಿಗೆ ಇದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಮಂಗಳೂರಿಗೂ ಹೆಚ್ಚು ಕಡಿಮೆ ಅದೇ ದಿನಗಳು. ಉತ್ತರಕ್ಕೆ ಹೋದಂತೆ ಎರಡೂ ದಿನ ಜೂನ್ ಕಡೆಗೆ ಸರಿಯುತ್ತವೆ, ಬೀದರಿಗೆ ಮೇ ಮಧ್ಯ ಮತ್ತು ಜುಲೈ ಕೊನೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆದ್ದರಿಂದ ಆಗಸ್ಟೇ ನಮ್ಮ ದಿನ. ಬೆಂಗಳೂರಿನಲ್ಲಿ ಆ ಮಧ್ಯಾಹ್ನ ಸುಮಾರು 12 ಗಂಟೆ 24 ನಿಮಿಷಕ್ಕೆ ಸೂರ್ಯ ನೆತ್ತಿಯ ಮೇಲೆ ನೇರ ಇರುತ್ತಾನೆ. ಅಂಗಳದಲ್ಲಿ ಮೀಟರ್ ಉದ್ದದ ಪೈಪು ನೆಟ್ಟು, ಗಾರೆಯವರ ತೂಕದ ಗುಂಡು ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ಹತ್ತು ನಿಮಿಷ ಮೊದಲಿನಿಂದ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಚುಕ್ಕೆ ಇಡುತ್ತಾ ಹೋಗಲಿ. ಮೋಡ ಕವಿದರೆ ಬೇಸರ ಬೇಡ, ಮರುದಿನ ಅದೇ ಹೊತ್ತಿಗೆ ಹೊರಗೆ ಬನ್ನಿ. ಆಗಲೂ ಆ ಪೈಪಿನ ಬುಡದಲ್ಲಿ ಒಂದು ಸೆಂಟಿಮೀಟರ್ ನೆರಳು ಕೂಡ ಇರುವುದಿಲ್ಲ.